ನೀರಲ್ಲೇ ತಯಾರಾಗುತ್ತೆ ನ್ಯಾನೋ ಜಿಂಕ್: ಬಾಟಲಿ ಕೊಳ್ಳೋ ಮೊದಲು ಇಷ್ಟು ಗೊತ್ತಿರಲಿ

ಗೊಬ್ಬರದ ಅಂಗಡಿಗಳಲ್ಲಿ ಈಗ ‘ನ್ಯಾನೋ’ ಬಾಟಲಿಗಳದ್ದೇ ಮಾತು. ಯೂರಿಯಾ, ಡಿಎಪಿ ಆಯ್ತು, ಈಗ ಜಿಂಕ್. ಒಳಗಿರೋದು ಏನು, ಅದನ್ನು ಹೇಗೆ ಮಾಡ್ತಾರೆ ಅನ್ನೋದು ಮಾರುವವರಿಗೂ ಕೊಳ್ಳುವವರಿಗೂ ಗೊತ್ತಿದ್ದರೆ ಒಳ್ಳೆಯದು.

ಜಿಂಕ್ ಯಾಕೆ ಬೇಕು?
ಭತ್ತ, ಮೆಕ್ಕೆಜೋಳಕ್ಕೆ ಜಿಂಕ್ ಅಂದರೆ ಸತು ಸ್ವಲ್ಪವೇ ಸಾಕು, ಆದರೆ ಇಲ್ಲದಿದ್ದರೆ ಬೆಳೆ ಕುಂಠಿತವಾಗುತ್ತೆ. 2009ರಲ್ಲಿ ಶುರುವಾದ ರಾಜ್ಯದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳಲ್ಲೂ ಹಲವು ಕಡೆ ಸತುವಿನ ಕೊರತೆ ಕಂಡಿತ್ತು.

ತಯಾರಿ ಹೇಗೆ?
ಹಲವು ನ್ಯಾನೋ ಉತ್ಪನ್ನಗಳಲ್ಲಿ ಇರೋದು ಜಿಂಕ್ ಆಕ್ಸೈಡ್. ಲ್ಯಾಬ್‌ನಲ್ಲಿ ಜಿಂಕ್ ಅಸಿಟೇಟ್ ಅಥವಾ ಜಿಂಕ್ ನೈಟ್ರೇಟನ್ನು ಶುದ್ಧ ನೀರಲ್ಲಿ ಕರಗಿಸ್ತಾರೆ. ಅದನ್ನು ಕದಡುತ್ತಲೇ ಕಾಸ್ಟಿಕ್ ಸೋಡಾ ದ್ರಾವಣವನ್ನು ಹನಿಹನಿಯಾಗಿ ಬಿಡ್ತಾರೆ. ತಿಳಿ ನೀರು ಹಾಲಿನಂತೆ ಬೆಳ್ಳಗಾಗುತ್ತೆ. ಇದು ಜಿಂಕ್ ಹೈಡ್ರಾಕ್ಸೈಡ್. ಬಿಸಿ ಮಾಡಿದರೆ ಇದರಿಂದ ನೀರಿನಂಶ ಹೋಗಿ ಜಿಂಕ್ ಆಕ್ಸೈಡ್ ಉಳಿಯುತ್ತೆ. ಆಮೇಲೆ ಹಲವು ಸಲ ತೊಳೆದು ಒಣಗಿಸ್ತಾರೆ.

ಕೇಳೋಕೆ ಸುಲಭ, ಹದ ಕಷ್ಟ. ಸೋಡಾ ತೀರಾ ಜಾಸ್ತಿಯಾದರೆ ಬಿಳಿ ಪದಾರ್ಥ ಮತ್ತೆ ಕರಗಿಹೋಗುತ್ತೆ. ಕಣಗಳು ಒಂದಕ್ಕೊಂದು ಅಂಟಿ ಗಂಟಾದರೆ ಅದು ನ್ಯಾನೋ ಆಗಿ ಉಳಿಯಲ್ಲ. ಅದನ್ನು ತಡೆಯೋಕೆ ಗಂಜಿ ಪಿಷ್ಟ, ಬೇವಿನೆಲೆ ರಸದಂಥವನ್ನೂ ಬಳಸ್ತಾರೆ.

ಎಷ್ಟು ಸಣ್ಣದು?
ಒಂದು ಮಿಲಿಮೀಟರ್ ಅಂದರೆ 10 ಲಕ್ಷ ನ್ಯಾನೋಮೀಟರ್. ಸಾಮಾನ್ಯವಾಗಿ 100 ನ್ಯಾನೋಮೀಟರ್‌ಗಿಂತ ಚಿಕ್ಕ ಕಣಗಳನ್ನು ನ್ಯಾನೋ ಅಂತಾರೆ. ಜಿಂಕ್ ಆಕ್ಸೈಡ್ ನೀರಲ್ಲಿ ಕರಗೋದು ಬಹಳ ಕಡಿಮೆ. ಕಣ ಚಿಕ್ಕದಾದಷ್ಟು ಮೇಲ್ಮೈ ಹೆಚ್ಚಾಗಿ ಬೇಗ ಕರಗುತ್ತೆ, ಅದೇ ಇದರ ಲಾಭ.

ಆದರೆ ಬರೀ ಕಣ್ಣಿಗೆ ಇದು ಗೊತ್ತಾಗಲ್ಲ. ಮಾಮೂಲಿ ಜಿಂಕ್ ಆಕ್ಸೈಡ್ ಪುಡಿ ಕಲಕಿದ ನೀರೂ ಬೆಳ್ಳಗೇ ಇರುತ್ತೆ. ನಿಜವಾದ ಅಳತೆ ಸಿಗೋದು ಎಲೆಕ್ಟ್ರಾನ್ ಮೈಕ್ರೋಸ್ಕೋಪ್, ಎಕ್ಸ್-ರೇಯಂಥ ಲ್ಯಾಬ್ ಪರೀಕ್ಷೆಗಳಿಂದ.

ಅಂಗಡಿಯವರು, ರೈತರು ಏನು ಮಾಡಬೇಕು?
* ಮಾರಾಟಗಾರರು ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಕಂಪನಿಯಿಂದ ‘ಫಾರಂ ಒ’ ಪಡೆದೇ ಸರಕು ಇಳಿಸಿಕೊಳ್ಳಲಿ.
* ರೈತರು ಲೇಬಲ್‌ನಲ್ಲಿ ಶೇಕಡಾ ಎಷ್ಟು ಜಿಂಕ್ ಇದೆ ಅಂತ ನೋಡಲಿ, ಬಿಲ್ ಕೇಳಲಿ. ಹೋಲಿಕೆಗೆ, ಮಾಮೂಲಿ ಹರಳು ಜಿಂಕ್ ಸಲ್ಫೇಟ್‌ನಲ್ಲಿ ಶೇ 21ರಷ್ಟು ಸತು ಇರುತ್ತೆ.
* ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಕೊರತೆಯೇ ಇಲ್ಲದಿದ್ದರೆ ದುಡ್ಡು ದಂಡ.
* ವಿಡಿಯೋ ನೋಡಿ ಮನೆಯಲ್ಲಿ ಮಾಡೋಕೆ ಹೋಗಬೇಡಿ. ಕಾಸ್ಟಿಕ್ ಸೋಡಾ ಚರ್ಮ ಸುಡುತ್ತೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಸತು ಬೆರೆತ ನೀರು ಕೆರೆ ಸೇರಿದರೆ ಮೀನಿಗೂ ಅಪಾಯ.

ಬಾಟಲಿ ಬಗ್ಗೆ ಅನುಮಾನ ಬಂದರೆ ಬಿಲ್ ಸಮೇತ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ.