ತೋಟಾ ಕೊಳ್ಳೋದಾ, ಮನೇಲೇ ತುಂಬೋದಾ? ಟೆಕ್ಸಾಸ್ ರೈತನ ಲೆಕ್ಕದಿಂದ ನಾನು ಕಲಿತದ್ದು

ಹೋದ ವಾರ ನಮ್ಮೂರಿನ ಹುಡುಗನೊಬ್ಬ ಮೊಬೈಲ್ ಹಿಡ್ಕೊಂಡು ಬಂದ. "ಅಣ್ಣಾ, ಅಮೆರಿಕದ ರೈತ್ರು ಕೋವಿ ತೋಟಾನ ಮನೇಲೇ ತುಂಬ್ತಾರಂತೆ. ಅರ್ಧಕ್ಕರ್ಧ ದುಡ್ಡು ಉಳಿಯುತ್ತಂತೆ, ನಿಜಾನಾ?" ಅಂತ ಕೇಳಿದ. ನಾನು ಕೃಷಿ ತರಬೇತಿಗೆ ಹೋಗಿ ಒಂದು ವರ್ಷ ಟೆಕ್ಸಾಸಿನ ಜೋಳದ ಫಾರ್ಮಿನಲ್ಲಿ ದುಡಿದವನು. ಆ ಫಾರ್ಮಿನ ಯಜಮಾನರು ತೋಟಾ ತುಂಬೋದನ್ನ ಕಣ್ಣಾರೆ ನೋಡಿದ್ದೇನೆ. ಉತ್ತರ ಹೌದು, ಆದರೆ ಅರ್ಧ ಮಾತ್ರ ಹೌದು.

ಒಂದು ಎಚ್ಚರಿಕೆ ಮೊದಲೇ ಹೇಳ್ತೀನಿ. ಇದು ಅಲ್ಲಿನ ಕಥೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸೋದು ದೊಡ್ಡ ಅಪರಾಧ. ಮನೇಲಿ ಕೋವಿಗೆ ಲೈಸೆನ್ಸ್ ಇದೆ ಅಂದಮಾತ್ರಕ್ಕೆ ತಯಾರಿಕೆಗೂ ಅನುಮತಿ ಸಿಕ್ಕ ಹಾಗಲ್ಲ. ನಾವು ಕಲಿಯಬೇಕಾದದ್ದು ತುಂಬೋದನ್ನಲ್ಲ, ಲೆಕ್ಕ ಹಾಕೋದನ್ನ.

ಒಂದು ತೋಟಾದ ಖರ್ಚು

ತೋಟಾದಲ್ಲಿ ನಾಲ್ಕು ಭಾಗ: ಹಿತ್ತಾಳೆ ಕೇಸು, ಕಿಡಿ ಹೊತ್ತಿಸುವ ಪ್ರೈಮರ್, ಮದ್ದು, ಗುಂಡು. ಹೊಡೆದ ಮೇಲೆ ಉಳಿಯೋದು ಕೇಸು ಮಾತ್ರ. ಅದನ್ನೇ ಹಲವು ಸಲ ಬಳಸಬಹುದು, ಉಳಿತಾಯದ ಗುಟ್ಟು ಇರೋದೇ ಅಲ್ಲಿ. ಆಗ ನಾನು ಡೈರಿಯಲ್ಲಿ ಬರೆದಿಟ್ಟ ಲೆಕ್ಕ ಹೀಗಿದೆ:

• ಅಂಗಡಿಯ ತೋಟಾ: 20ರ ಡಬ್ಬಿಗೆ 36 ಡಾಲರ್, ಅಂದರೆ ಒಂದಕ್ಕೆ 1.80 ಡಾಲರ್
• ಗುಂಡು: 40 ಸೆಂಟ್
• ಮದ್ದು: 30 ಸೆಂಟ್ (45 ಡಾಲರಿನ ಒಂದು ಪೌಂಡ್ ಡಬ್ಬಿಯಲ್ಲಿ ಸುಮಾರು 150 ತೋಟಾ)
• ಪ್ರೈಮರ್: 10 ಸೆಂಟ್
• ಕೇಸಿನ ಸವಕಳಿ: 10 ಸೆಂಟ್

ಮನೇಲಿ ತುಂಬಿದರೆ ಒಟ್ಟು 90 ಸೆಂಟ್. ಸರಿಯಾಗಿ ಅರ್ಧ! ವಿಡಿಯೋಗಳು ಇಲ್ಲಿಗೇ ನಿಲ್ಲಿಸ್ತವೆ.

ಅಸಲು ಯಾವಾಗ ಹುಟ್ಟುತ್ತೆ?

ಪ್ರೆಸ್, ಸೂಕ್ಷ್ಮ ತಕ್ಕಡಿ, ಅಚ್ಚುಗಳು, ಅಳತೆ ಸಾಮಾನು ಎಲ್ಲ ಸೇರಿ ಯಜಮಾನರಿಗೆ 450 ಡಾಲರ್ ಬಿದ್ದಿತ್ತು. ಒಂದು ತೋಟಾಕ್ಕೆ 90 ಸೆಂಟ್ ಉಳಿದರೆ 500 ತೋಟಾ ಆದಮೇಲೆ ಅಸಲು ಹುಟ್ಟುತ್ತೆ. ಜಿಂಕೆ ಸೀಸನ್ನಿಗೆ ಮಾತ್ರ ರೈಫಲ್ ತೆಗೆಯೋ ಪಕ್ಕದ ಫಾರ್ಮಿನವರು ವರ್ಷಕ್ಕೆ 30 ಹೊಡೆದರೆ ಹೆಚ್ಚು. ಅವರಿಗೆ ಅಸಲು ಹುಟ್ಟೋಕೆ 16 ವರ್ಷ ದಾಟುತ್ತೆ. ಹೊಲಕ್ಕೆ ನುಗ್ಗೋ ಹಂದಿ ಹಿಂದೆ ಬಿದ್ದಿದ್ದ ನಮ್ಮ ಯಜಮಾನರಿಗೆ ವರ್ಷಕ್ಕೆ 400 ಬೇಕಾಗ್ತಿತ್ತು. ಅವರಿಗೆ ಒಂದೂಕಾಲು ವರ್ಷ ಸಾಕು. ಅದೇ ಯಂತ್ರ, ಅದೇ ಬೆಲೆ. ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ದಂಡ.

ಸಮಯಕ್ಕೂ ಬೆಲೆ ಇದೆ. 50 ತೋಟಾಕ್ಕೆ ಅವರಿಗೆ ಎರಡೂವರೆ ಗಂಟೆ ಹಿಡೀತಿತ್ತು. ಆ ಹೊತ್ತಲ್ಲಿ ಫೋನ್ ಪಕ್ಕದ ಕೋಣೆಯಲ್ಲಿ. ಮಾತಾಡ್ಸಿದರೆ ಕೈ ಎತ್ತಿ ಸುಮ್ಮನಿರು ಅನ್ನೋರು. ಮರೆತು ಎರಡು ಸಲ ಮದ್ದು ಬಿದ್ದರೆ ಕೋವಿಯೇ ಮುಖದ ಹತ್ರ ಸಿಡಿಯುತ್ತೆ. ಈ ಅಪಾಯವನ್ನ ಸೆಂಟಲ್ಲಿ ಬರೆಯೋಕಾಗಲ್ಲ.

"ಮನೇಲೇ ಮಾಡಿದ್ರೆ ಯಾರ ಹಂಗೂ ಇಲ್ಲ" ಅನ್ನೋದೂ ಪೂರ್ತಿ ನಿಜವಲ್ಲ. 2020-21ರಲ್ಲಿ ಅಮೆರಿಕದ ಅಂಗಡಿಗಳಲ್ಲಿ ತೋಟಾ ಖಾಲಿಯಾದಾಗ ಪ್ರೈಮರೂ ಸಿಗ್ತಿರಲಿಲ್ಲ. ಮನೇಲಿ ತುಂಬೋರೂ ಕೈಕಟ್ಟಿ ಕೂರಬೇಕಾಯ್ತು.

ಲೆಕ್ಕದಲ್ಲಿ ಬಿಟ್ಟುಹೋದ ಸಾಲು

ಟೆಕ್ಸಾಸಿನಲ್ಲಿ ಖಾಸಗಿ ಜಮೀನಿನ ಕಾಡುಹಂದಿ ಹೊಡೆಯೋಕೆ, ಮಾಲೀಕರ ಒಪ್ಪಿಗೆ ಇದ್ದರೆ, 2019ರಿಂದ ಬೇಟೆ ಲೈಸೆನ್ಸೂ ಬೇಡ. ಆದರೂ ಒಂದು ರಾತ್ರಿ ನೆಲಸಮವಾಗಿದ್ದ ಜೋಳದ ಸಾಲುಗಳ ನಡುವೆ ನಿಂತು ಯಜಮಾನರು ಅಂದದ್ದು ಇನ್ನೂ ನೆನಪಿದೆ: "ತೋಟಾದ ಬೆಲೆ ಅರ್ಧ ಮಾಡ್ಕೊಂಡೆ, ಹಂದಿ ಒಂದೂ ಕಮ್ಮಿ ಆಗ್ಲಿಲ್ಲ."

ಒಂದಕ್ಕೆ ಗುಂಡು ಬಿದ್ದರೆ ಉಳಿದವು ಚದುರಿ ಓಡ್ತವೆ, ನಾಲ್ಕು ದಿನ ಬಿಟ್ಟು ಮತ್ತೆ ಬರ್ತವೆ. ಒಂದು ಹೆಣ್ಣು ಹಂದಿ ವರ್ಷಕ್ಕೆ ಎರಡು ಸಲವೂ ಈಯಬಲ್ಲದು. ಅಲ್ಲಿನ ಕೃಷಿ ವಿಸ್ತರಣಾ ತಜ್ಞರು ಇಡೀ ಹಿಂಡನ್ನ ಒಟ್ಟಿಗೆ ಹಿಡಿಯೋ ದೊಡ್ಡ ಬೋನು ಹಾಕಿ ಅಂತಾರೆ. ಅವರೂ ಕೊನೆಗೆ ಅದನ್ನೇ ಹಾಕಿದರು. ಅವರು ಇಷ್ಟು ದಿನ ಕೇಳ್ತಿದ್ದದ್ದು "ಒಂದು ತೋಟಾಕ್ಕೆ ಎಷ್ಟು?" ಅಂತ. ಕೇಳಬೇಕಿದ್ದದ್ದು "ಒಂದು ಎಕರೆ ಜೋಳ ಉಳಿಸೋಕೆ ಎಷ್ಟು?" ಅಂತ.

ನಮ್ಮ ಹೊಲಕ್ಕೆ ಬಂದರೆ

ಮೇವು ಕತ್ತರಿಸೋ ಯಂತ್ರ, ಹಿಂಡಿ ಮಿಕ್ಸರ್, ಸ್ಪ್ರೇಯರ್ ಏನೇ ಕೊಳ್ಳೋ ಮುಂಚೆ ಈ ನಾಲ್ಕು ಪ್ರಶ್ನೆ ಮೊಬೈಲಲ್ಲಿ ಬರೆದುಕೊಳ್ಳಿ:

1. ಯಂತ್ರದ ಬೆಲೆಯನ್ನ ಒಂದು ಸಲದ ಉಳಿತಾಯದಿಂದ ಭಾಗಿಸಿದರೆ ಎಷ್ಟು ಸಲ ಬಳಸಬೇಕಾಗುತ್ತೆ?
2. ನನಗೆ ವರ್ಷಕ್ಕೆ ಎಷ್ಟು ಸಲ ಬೇಕು?
3. ನನ್ನ ಕೂಲಿ, ಅಪಾಯ ಲೆಕ್ಕಕ್ಕೆ ಬಂತಾ?
4. ಇದರಿಂದ ನನ್ನ ನಿಜವಾದ ತೊಂದರೆ ತೀರುತ್ತಾ?

ನಮ್ಮ ಹಂದಿ ಕಾಟಕ್ಕೆ ನಾಡಮದ್ದಿನ ಉಂಡೆ ಅಗ್ಗ ಅಂತ ಯಾರಾದ್ರೂ ಹೇಳಿದರೆ ಕಿವಿಗೊಡಬೇಡಿ. ನಮ್ಮ ಪಕ್ಕದ ಮನೆಯವರ ಗಬ್ಬದ ಹಸು ಅಂಥ ಉಂಡೆ ಕಚ್ಚಿ ದವಡೆ ಕಳ್ಕೊಂಡು, ಮೂರು ದಿನ ನರಳಿ ಸತ್ತಿತು. ಇಟ್ಟವನಿಗೆ ಅದು ಎಷ್ಟು ರೂಪಾಯಿಗೆ ಸಿಕ್ಕಿತ್ತೋ, ಹಸು ಕಳ್ಕೊಂಡವರಿಗೆ ಬಿದ್ದ ಬೆಲೆ ಬೇರೆ. ಬೆಳೆ ಹಾಳಾದರೆ ಅದೇ ದಿನ ಫೋಟೋ ತೆಗೆದು, ಪಹಣಿ ಜೊತೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿ. ಬೇಲಿ ಹಾಕೋದಾದರೆ ಪಕ್ಕದ ಹೊಲದವರನ್ನೂ ಸೇರಿಸ್ಕೊಳ್ಳಿ, ಖರ್ಚು ಹಂಚಿಹೋಗುತ್ತೆ.

ಆ ಹುಡುಗ ಎಲ್ಲ ಕೇಳಿ, "ಹಂಗಾದ್ರೆ ಮೊದ್ಲು ಬೇಲಿ ಲೆಕ್ಕ ಹಾಕೋಣ ಅಣ್ಣಾ" ಅಂದ. ಭಾನುವಾರ ಕೂರ್ತಿದ್ದೀವಿ.