ಸಸಿಯ ಗುಣ ಬಲ್ಲ ಗುರು – ಶ್ರೀ ಓ. ಎಂ. ನಂಬಿಯಾರ್

ಅಡಿಕೆ ಸಸಿ ಆರಿಸುವಾಗ ಎತ್ತರ ನೋಡಿ ಮೋಸ ಹೋಗಬಾರದು, ಬುಡದ ದಪ್ಪ ನೋಡಬೇಕು, ಎಲೆ ಎಣಿಸಬೇಕು ಎಂಬುದು ನಮ್ಮ ಬೆಳೆಗಾರ ಬಾಂಧವರಿಗೆ ಹೊಸ ವಿಷಯವಲ್ಲ. ಆದರೂ ಆಯ್ಕೆ ಸರಿಯಾಗಿತ್ತೇ ಎಂಬುದು ತಿಳಿಯಲು ಐದಾರು ವರ್ಷ ಕಾಯಲೇಬೇಕು. ಮಕ್ಕಳ ವಿಷಯದಲ್ಲಿ ಇಂಥದೇ ಕಣ್ಣೂ ತಾಳ್ಮೆಯೂ ಇದ್ದ ಒಬ್ಬ ಶಿಕ್ಷಕರು ನೆರೆಯ ಕೇರಳದಲ್ಲಿದ್ದರು. ಅವರೇ ಓಟಗಾರ್ತಿ ಪಿ. ಟಿ. ಉಷಾ ಅವರ ಗುರು, ದಿವಂಗತ ಶ್ರೀ ಓ. ಎಂ. ನಂಬಿಯಾರ್. ಉಷಾ ಹೆಸರು ಕೇಳದವರು ನಮ್ಮ ಸದಸ್ಯರಲ್ಲಿ ಯಾರೂ ಇರಲಾರರು. ಆದರೆ ಅವರನ್ನು ಬೆಳೆಸಿದ ಗುರುವಿನ ಬದುಕನ್ನು ಬಲ್ಲವರು ಕಡಿಮೆ. ಅದನ್ನು ಇಲ್ಲಿ ಪರಿಚಯಿಸಲು ಇಚ್ಛಿಸಿದ್ದೇವೆ.

ಓಟಗಾರ ಶಿಕ್ಷಕರಾದರು

ನಂಬಿಯಾರರು ಹುಟ್ಟಿದ್ದು ೧೯೩೨ರಲ್ಲಿ. ಕೋಳಿಕ್ಕೋಡು ಜಿಲ್ಲೆಯ ವಡಕರ ಪ್ರದೇಶದವರು. ತೆಂಗು, ಕಂಗುಗಳ ನಡುವಿನ ಊರು. ಕಾಲೇಜಿನಲ್ಲಿದ್ದಾಗಲೇ ಒಳ್ಳೆಯ ಕ್ರೀಡಾಪಟು. ಮುಂದೆ ವಾಯುಪಡೆ ಸೇರಿ ಸುಮಾರು ಹದಿನೈದು ವರ್ಷ ದುಡಿದರು. ಸೇನಾಪಡೆಗಳ ತಂಡದ ಪರವಾಗಿ ರಾಷ್ಟ್ರಮಟ್ಟದಲ್ಲಿ ಸ್ಪರ್ಧಿಸಿದರು. ಆದರೆ ದೇಶದ ಪರವಾಗಿ ಓಡಬೇಕೆಂಬ ಆಸೆ ಮಾತ್ರ ಕೈಗೂಡಲಿಲ್ಲ. ಅದನ್ನೇ ನೆನೆದು ಕೊರಗುತ್ತ ಕೂರದೆ ಅವರು ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ತರಬೇತುದಾರರ ಶಿಕ್ಷಣ ಪಡೆದರು; ಬಳಿಕ ಕೇರಳ ಕ್ರೀಡಾ ಮಂಡಳಿಯ ಕೆಲಸಕ್ಕೆ ಸೇರಿದರು.

೧೯೭೬ರಲ್ಲಿ ಕೇರಳ ಸರ್ಕಾರ ಕಣ್ಣೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ಕ್ರೀಡಾ ವಿಭಾಗವನ್ನು ತೆರೆಯಿತು. ಶಾಲೆಯ ಪಾಠ, ಹಾಸ್ಟೆಲಿನ ಊಟ, ಬೆಳಿಗ್ಗೆ ಸಂಜೆ ಮೈದಾನ – ಇದು ಅಲ್ಲಿಯ ದಿನಚರಿ. ಮೊದಲ ತಂಡದಲ್ಲಿ ನಲವತ್ತು ಹುಡುಗಿಯರು. ಅವರ ತರಬೇತಿಯ ಹೊಣೆ ನಂಬಿಯಾರರ ಪಾಲಿಗೆ ಬಂತು.

ಆ ನಲವತ್ತರಲ್ಲಿ ಪಯ್ಯೋಳಿಯ ಹುಡುಗಿ ಉಷಾ ಒಬ್ಬಳು. ಹನ್ನೆರಡು ವರ್ಷ. ಬಾಲ್ಯದಲ್ಲಿ ಕಾಯಿಲೆಯಿಂದ ಬಳಲಿದ ಸಣಕಲು ದೇಹ. ನೋಡಿದವರು ಇವಳೇನು ಓಡಿಯಾಳು ಎಂದುಕೊಳ್ಳುವಂತಿದ್ದಳು. ನಂಬಿಯಾರರು ಕಂಡದ್ದು ಬೇರೆ. ಆ ತೆಳ್ಳನೆಯ ಮೈಕಟ್ಟು, ಆ ಚುರುಕು ನಡಿಗೆ ನೋಡಿದೊಡನೆಯೇ ಇವಳು ಒಳ್ಳೆಯ ಓಟಗಾರ್ತಿಯಾಗಬಲ್ಲಳು ಎಂದು ತಿಳಿಯಿತೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಆ ಕಾಲದಲ್ಲಿ ಅಷ್ಟು ಚಿಕ್ಕ ಹೆಣ್ಣುಮಗಳನ್ನು ಓಟ ಕಲಿಯಲೆಂದು ಮನೆಯಿಂದ ದೂರ ಕಳಿಸಿದ ತಂದೆತಾಯಿಯರ ಧೈರ್ಯವನ್ನೂ ನಾವಿಲ್ಲಿ ನೆನೆಯಬೇಕು.

ಮರಳಿನ ಮೇಲಿನ ಪಾಠ

ಇಂದಿನ ಸಿಂಥೆಟಿಕ್ ಟ್ರ್ಯಾಕ್, ಯಂತ್ರ, ವಿದೇಶಿ ವೈದ್ಯರು ಯಾವುದೂ ಅವರಿಗೆ ಇರಲಿಲ್ಲ. ಇದ್ದದ್ದು ಮಣ್ಣಿನ ಮೈದಾನ ಮತ್ತು ಪಯ್ಯೋಳಿಯ ಕಡಲತೀರ. ಕಾಲು ಹೂತುಹೋಗುವ ಮರಳಿನಲ್ಲಿ ಓಟ, ಅಲೆಗೆ ಎದುರಾಗಿ ಓಟ. ಹಣವಿಲ್ಲದ ಊರಿನಲ್ಲಿ ಪ್ರಕೃತಿ ಕೊಟ್ಟದ್ದನ್ನೇ ಬಳಸಿಕೊಂಡ ಜಾಣ್ಮೆ ಇದು.

ಫಲ ಒಂದೇ ದಿನದಲ್ಲಿ ಬರಲಿಲ್ಲ. ೧೯೭೯ರ ರಾಷ್ಟ್ರೀಯ ಶಾಲಾ ಕ್ರೀಡಾಕೂಟದಲ್ಲಿ ಉಷಾ ವೈಯಕ್ತಿಕ ಚಾಂಪಿಯನ್ ಆದರು. ೧೯೮೦ರ ಮಾಸ್ಕೋ ಒಲಿಂಪಿಕ್ಸಿನಲ್ಲಿ ಹದಿನಾರರ ಹುಡುಗಿ ಮೊದಲ ಸುತ್ತಿನಲ್ಲೇ ಹೊರಬಿದ್ದರು. ೧೯೮೨ರ ದೆಹಲಿ ಏಷ್ಯಾಡಿನಲ್ಲಿ ೧೦೦ ಮತ್ತು ೨೦೦ ಮೀಟರ್ ಓಟಗಳಲ್ಲಿ ಬೆಳ್ಳಿ. ಮರುವರ್ಷ ಕುವೈತಿನ ಏಷ್ಯನ್ ಕೂಟದಲ್ಲಿ ೪೦೦ ಮೀಟರಿನಲ್ಲಿ ಚಿನ್ನ.

ನೂರರಲ್ಲಿ ಒಂದು ಪಾಲು

೧೯೮೪ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಮಹಿಳೆಯರ ೪೦೦ ಮೀಟರ್ ಹರ್ಡಲ್ಸ್ ಮೊಟ್ಟಮೊದಲ ಬಾರಿಗೆ ಸೇರಿತು. ಎರಡೂವರೆ ಅಡಿ ಎತ್ತರದ ಹತ್ತು ತಡೆಗಳನ್ನು ದಾಟುತ್ತ ಓಡುವ ಸ್ಪರ್ಧೆ. ತಡೆಗಳಿಲ್ಲದ ಓಟದಲ್ಲಿ ಹೆಸರು ಮಾಡಿದ ಶಿಷ್ಯೆಯನ್ನು ಈ ಹೊಸ ಸ್ಪರ್ಧೆಗೆ ತಿರುಗಿಸಿದವರು ನಂಬಿಯಾರರೇ. ಪದಕದ ದಾರಿ ಇಲ್ಲಿದೆ ಎಂಬುದು ಅವರ ಲೆಕ್ಕಾಚಾರ.

ಲೆಕ್ಕ ತಪ್ಪಲಿಲ್ಲ. ಸೆಮಿಫೈನಲಿನಲ್ಲಿ ಉಷಾ ಮೊದಲಿಗರಾಗಿ ಬಂದರು. ಫೈನಲಿನಲ್ಲಿಯೂ ಸೊಗಸಾಗಿ ಹೊರಟರು. ಆದರೆ ಬೇರೊಬ್ಬ ಓಟಗಾರ್ತಿ ಸಂಕೇತಕ್ಕೆ ಮೊದಲೇ ಹೊರಟಿದ್ದರಿಂದ ಎಲ್ಲರನ್ನೂ ಹಿಂದಕ್ಕೆ ಕರೆಯಲಾಯಿತು. ಎರಡನೆಯ ಬಾರಿ ಆ ಚುರುಕು ಇರಲಿಲ್ಲ. ಗೆರೆ ಮುಟ್ಟುವಾಗ ಎದೆ ಮುಂದೊಡ್ಡುವುದರಲ್ಲಿಯೂ ಕೂದಲೆಳೆಯಷ್ಟು ತಡವಾಯಿತು. ರುಮೇನಿಯಾದ ಓಟಗಾರ್ತಿಗೆ ೫೫.೪೧ ಸೆಕೆಂಡು, ಉಷಾರಿಗೆ ೫೫.೪೨. ಸೆಕೆಂಡಿನ ನೂರರಲ್ಲಿ ಒಂದು ಪಾಲಿನಿಂದ ಕಂಚು ಕೈಜಾರಿತು. ಆ ವೇಗದಲ್ಲಿ ಲೆಕ್ಕ ಹಾಕಿದರೆ ಇದು ಮೂರು ಅಂಗುಲಕ್ಕೂ ಕಡಿಮೆ ದೂರ. ಒಲಿಂಪಿಕ್ ಗ್ರಾಮದ ಊಟ ಒಗ್ಗದೆ ಗಂಜಿ, ಉಪ್ಪಿನಕಾಯಿಯಲ್ಲೇ ದಿನ ಕಳೆದದ್ದರಿಂದ ಕಡೆಯ ಗಳಿಗೆಯಲ್ಲಿ ಕಸುವು ಸಾಲದಾಯಿತೆಂದು ಉಷಾ ಮುಂದೆ ಹೇಳಿಕೊಂಡಿದ್ದಾರೆ.

ಅಂದು ನಂಬಿಯಾರರು ಬಿಕ್ಕಿಬಿಕ್ಕಿ ಅತ್ತರು. ಒಲಿಂಪಿಕ್ ಪದಕ ಅವರ ಬಾಳಿನ ದೊಡ್ಡ ಕನಸಾಗಿತ್ತು. ಇಳಿವಯಸ್ಸಿನಲ್ಲಿಯೂ ಆ ಗಳಿಗೆ ನೆನೆದರೆ ಕಣ್ಣೀರು ತಡೆಯದೆಂದು ಅವರೇ ಹೇಳಿದ್ದರು. ಕೊಳೆರೋಗದಲ್ಲಿ ಕೈಗೆ ಬಂದ ಫಸಲು ಉದುರಿದ್ದನ್ನು ಕಂಡ ನಮಗೆ ಈ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಗುರುಶಿಷ್ಯರು ಮರಳಿ ಮೈದಾನಕ್ಕಿಳಿದರು. ೧೯೮೫ರ ಜಕಾರ್ತಾ ಏಷ್ಯನ್ ಕೂಟದಲ್ಲಿ ಉಷಾ ಐದು ಚಿನ್ನ, ಒಂದು ಕಂಚು ಗೆದ್ದರು. ೧೯೮೬ರ ಸಿಯೋಲ್ ಏಷ್ಯಾಡಿನಲ್ಲಿ ಇಡೀ ಭಾರತಕ್ಕೆ ದೊರೆತದ್ದು ಐದು ಚಿನ್ನ. ಅವುಗಳಲ್ಲಿ ರಿಲೇಯೂ ಸೇರಿ ನಾಲ್ಕರಲ್ಲಿ ಉಷಾ ಇದ್ದರು!

ತಡವಾದ ಮನ್ನಣೆ

ತರಬೇತುದಾರರಿಗಾಗಿ ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾದ ೧೯೮೫ರಲ್ಲಿಯೇ ಅದನ್ನು ಪಡೆದ ಮೊದಲಿಗರಲ್ಲಿ ನಂಬಿಯಾರರೂ ಒಬ್ಬರು. ಅದೇ ವರ್ಷ ಶಿಷ್ಯೆಗೆ ಪದ್ಮಶ್ರೀ ಬಂತು. ಗುರುವಿಗೆ ಪದ್ಮಶ್ರೀ ಘೋಷಣೆಯಾದದ್ದು ೨೦೨೧ರಲ್ಲಿ, ಮೂವತ್ತಾರು ವರ್ಷಗಳ ನಂತರ. ಆಗ ಅವರು ಪಾರ್ಕಿನ್ಸನ್ ಕಾಯಿಲೆಯಿಂದ ಬಳಲುತ್ತಿದ್ದರು. ಅದೇ ವರ್ಷ ಆಗಸ್ಟ್ ೧೯ರಂದು, ೮೯ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕಾಯಿಯನ್ನು ಹೊಗಳುವ ಲೋಕ ನೀರೆರೆದವರನ್ನು ಮರೆಯುವುದು ಇದೇ ಮೊದಲಲ್ಲ.

ಆದರೆ ಅವರು ನೆಟ್ಟ ಗಿಡ ಈಗ ತಾಯಿಮರವಾಗಿದೆ. ಉಷಾ ೨೦೦೨ರಲ್ಲಿ ಕೊಯಿಲಾಂಡಿಯಲ್ಲಿ ಅಥ್ಲೆಟಿಕ್ಸ್ ಶಾಲೆ ತೆರೆದು, ತಮ್ಮ ಗುರುವಿನಂತೆಯೇ ಹಳ್ಳಿಯ ಹೆಣ್ಣುಮಕ್ಕಳನ್ನು ಆರಿಸಿ ಬೆಳೆಸತೊಡಗಿದರು. ಅಲ್ಲಿ ಕಲಿತ ಕಣ್ಣೂರು ಜಿಲ್ಲೆಯ ಟಿಂಟು ಲೂಕಾ ೨೦೧೪ರ ಇಂಚಿಯಾನ್ ಏಷ್ಯಾಡಿನಲ್ಲಿ ೮೦೦ ಮೀಟರ್ ಓಟದ ಬೆಳ್ಳಿಯನ್ನೂ ರಿಲೇ ಚಿನ್ನವನ್ನೂ ಗೆದ್ದರು.

ನಮ್ಮೂರ ಮೈದಾನ

ಪಯ್ಯೋಳಿ ನಮಗೆ ದೂರದ ಊರಲ್ಲ. ಅದೇ ಪಡುಗಡಲು, ಅದೇ ಮಳೆ, ಅಂಥವೇ ತೋಟಗಳು. ಅಲ್ಲಿ ಆದದ್ದು ಇಲ್ಲಿ ಏಕೆ ಆಗಬಾರದು? ನಮ್ಮ ಸದಸ್ಯರಲ್ಲಿ ಅನೇಕರು ಊರ ಶಾಲೆಯ ಸಮಿತಿಗಳಲ್ಲಿದ್ದಾರೆ. ಅವರಲ್ಲಿ ನಮ್ಮದೊಂದು ವಿನಂತಿ. ಮಳೆಗಾಲ ಮುಗಿದೊಡನೆ ಶಾಲೆಯ ಮೈದಾನದ ಕಲ್ಲು ಹೆಕ್ಕಿ, ಕೊರಕಲು ಮುಚ್ಚಿ ಹದ ಮಾಡಿಕೊಡೋಣ. ಓಡುವ ಮಗುವಿಗೆ ಊರಿನಿಂದ ಹಾಲು, ಮೊಟ್ಟೆಯ ಏರ್ಪಾಟು ಮಾಡೋಣ. ಕಾಫಿ ಕುಯ್ಲಿಗೆ, ಅಡಿಕೆ ಸುಲಿಯಲು ಆಳು ಸಾಲದೆಂದು ಮಕ್ಕಳನ್ನು, ಅದರಲ್ಲಿಯೂ ಹೆಣ್ಣುಮಕ್ಕಳನ್ನು, ಮೈದಾನದಿಂದ ಕರೆತರುವುದನ್ನು ಬಿಡೋಣ. ಎಲ್ಲಕ್ಕಿಂತ ಮುಖ್ಯವಾಗಿ, ಬಿಸಿಲಿನಲ್ಲಿ ಸೀಟಿ ಹಿಡಿದು ನಿಂತ ದೈಹಿಕ ಶಿಕ್ಷಕರನ್ನು ಕಂಡಾಗ ಒಂದು ಗಳಿಗೆ ನಿಂತು ಮಾತನಾಡಿಸೋಣ. ಯಾವ ಸಣಕಲು ಸಸಿಯ ಮೇಲೆ ಅವರ ಕಣ್ಣು ಬಿದ್ದಿದೆಯೋ, ಅದು ಅವರಿಗೊಬ್ಬರಿಗೇ ಗೊತ್ತು.