ಮರದ ಗೊಂಬೆ ಉಸಿರಾಡುವುದು ಹೇಗೆ?

ಗೊಂಬೆಯಾಟ ಎಂದೊಡನೆ 'ಅದು ಚಿಕ್ಕ ಮಕ್ಕಳಿಗೆ' ಎಂದು ನಿಮ್ಮಲ್ಲಿ ಹಲವರು ಈ ಪುಟವನ್ನು ತಿರುವಿಬಿಡಬಹುದು. ಸ್ವಲ್ಪ ತಾಳಿ. ಮೊದಲು ಒಂದು ಸಣ್ಣ ಪ್ರಯೋಗ ಮಾಡೋಣ. ಪ್ರಯೋಗಶಾಲೆ ಬೇಕಿಲ್ಲ, ಒಂದು ಕರವಸ್ತ್ರ ಸಾಕು.

ಕರವಸ್ತ್ರದ ನಡುವೆ ಒಂದು ಗಂಟು ಹಾಕಿ. ಅದು ತಲೆ. ಸ್ನೇಹಿತನೊಬ್ಬನನ್ನು ಎದುರಿಗೆ ಕೂರಿಸಿ, ಗಂಟನ್ನು ಹಿಡಿದು ಜೋರಾಗಿ ಅಲ್ಲಾಡಿಸಿ. ಬಟ್ಟೆ ಅಲ್ಲಾಡಿತು, ಅಷ್ಟೆ. ಈಗ ನೀವು ಉಸಿರು ಎಳೆದುಕೊಳ್ಳುವಾಗ ಗಂಟನ್ನು ಒಂದು ಬೆರಳಿನಷ್ಟು ಮೇಲೆತ್ತಿ, ಬಿಡುವಾಗ ಇಳಿಸಿ. ನಾಲ್ಕೈದು ಬಾರಿ ಹೀಗೆ ಮಾಡಿ. ಸ್ನೇಹಿತನ ಮುಖ ನೋಡಬೇಡಿ, ಗಂಟನ್ನೇ ನೋಡುತ್ತಿರಿ. ಆಮೇಲೆ ಅದನ್ನು ನಿಧಾನವಾಗಿ ಅವನತ್ತ ತಿರುಗಿಸಿ ನಿಲ್ಲಿಸಿ. ಏನನ್ನಿಸಿತು ಎಂದು ಅವನನ್ನೇ ಕೇಳಿ. 'ಅದು ನನ್ನನ್ನು ನೋಡಿದ ಹಾಗಾಯಿತು' ಎಂದರೆ ಆಶ್ಚರ್ಯಪಡಬೇಡಿ.

ಇದು ಕಣ್ಕಟ್ಟಲ್ಲ, ನಮ್ಮ ಮಿದುಳಿನ ಸ್ವಭಾವ. 1944ರಲ್ಲಿ ಅಮೆರಿಕದ ಫ್ರಿಟ್ಸ್ ಹೈಡರ್ ಮತ್ತು ಮೇರಿಯಾನ್ ಸಿಮ್ಮೆಲ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪುಟ್ಟ ಚಲನಚಿತ್ರ ತಯಾರಿಸಿದರು. ಅದರಲ್ಲಿ ಇದ್ದದ್ದು ಎರಡು ತ್ರಿಕೋನ, ಒಂದು ವೃತ್ತ ಮತ್ತು ಬಾಗಿಲಿರುವ ಒಂದು ಚೌಕಟ್ಟು ಮಾತ್ರ. 34 ವಿದ್ಯಾರ್ಥಿಗಳಿಗೆ ಅದನ್ನು ತೋರಿಸಿ, ಕಂಡದ್ದನ್ನು ಬರೆಯಿರಿ ಎಂದರು. ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಆ ಆಕೃತಿಗಳನ್ನು ಜೀವಿಗಳೆಂದೇ ಭಾವಿಸಿ ಬರೆದಿದ್ದರು. ಚಲನೆಯಲ್ಲಿ ಒಂದು ಉದ್ದೇಶ ಕಂಡರೆ ಸಾಕು, ಅಲ್ಲಿ ಮನಸ್ಸೊಂದು ಇದೆ ಎಂದು ನಾವು ನಂಬಿಬಿಡುತ್ತೇವೆ.

ಈ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡು ದೊಡ್ಡವರಿಗಾಗಿ ನಾಟಕ ಕಟ್ಟಿದ ಒಂದು ಸಣ್ಣ ತಂಡದ ಕಥೆಯನ್ನು ಈಗ ಹೇಳುತ್ತೇನೆ. ದಕ್ಷಿಣ ಆಫ್ರಿಕಾದ ಕೇಪ್ ಟೌನಿನಲ್ಲಿ 1981ರಲ್ಲಿ, ಚಿತ್ರಕಲೆ ಓದಿದ್ದ ನಾಲ್ವರು ಗೆಳೆಯರು ಸೇರಿ 'ಹ್ಯಾಂಡ್‌ಸ್ಪ್ರಿಂಗ್ ಪಪೆಟ್ ಕಂಪೆನಿ' ಆರಂಭಿಸಿದರು. ಅವರಲ್ಲಿ ಏಡ್ರಿಯನ್ ಕೋಲರ್ ಗೊಂಬೆ ಕೆತ್ತುವವರು, ಬೇಸಿಲ್ ಜೋನ್ಸ್ ಅವರ ಜೊತೆಗಾರ. ಮೊದಮೊದಲು ಶಾಲೆಗಳಿಗೆ ಹೋಗಿ ಮಕ್ಕಳಿಗೇ ಆಡಿ ತೋರಿಸುತ್ತಿದ್ದರು. ಅದು ವರ್ಣಭೇದದ ಆಳ್ವಿಕೆಯ ಕಾಲ. ಸುತ್ತಲಿನ ಬದುಕಿನ ಬಗ್ಗೆ ಮಾತನಾಡಬೇಕೆಂದರೆ ದೊಡ್ಡವರ ಮುಂದೆ ನಿಲ್ಲಲೇಬೇಕು ಎಂದು ಅವರಿಗೆ ಅನ್ನಿಸಿತು. 1985ರಲ್ಲಿ ದೊಡ್ಡವರಿಗಾಗಿ ಮೊದಲ ನಾಟಕ ಬಂತು. 1992ರಲ್ಲಿ ಚಿತ್ರಕಾರ ವಿಲಿಯಂ ಕೆಂಟ್ರಿಜ್ ಜೊತೆ ಸೇರಿ 'ವಾಯ್ಟ್‌ಸೆಕ್' ಎಂಬ ಜರ್ಮನ್ ನಾಟಕವನ್ನು ಜೋಹಾನ್ಸ್‌ಬರ್ಗಿನ ಬಡ ವಲಸೆ ಕೂಲಿಯೊಬ್ಬನ ಕಥೆಯಾಗಿ ಮಾಡಿಕೊಂಡರು. ಮುಂದೆ ಮರದ ಗೊಂಬೆಗಳು, ಹಿಂದಿನ ಪರದೆಯ ಮೇಲೆ ಇದ್ದಿಲಿನಿಂದ ಬರೆದು ಚಲಿಸುವಂತೆ ಮಾಡಿದ ಚಿತ್ರಗಳು.

ನಮ್ಮ ತೊಗಲುಗೊಂಬೆಯಾಟದಲ್ಲಿ ಕಲಾವಿದರು ಪರದೆಯ ಹಿಂದೆ ಇರುತ್ತಾರೆ. ಹ್ಯಾಂಡ್‌ಸ್ಪ್ರಿಂಗ್ ತಂಡದ ಈ ನಾಟಕಗಳಲ್ಲಿ ಹಾಗಲ್ಲ. ಜಪಾನಿನ ಬುನ್ರಾಕು ಗೊಂಬೆಯಾಟದಂತೆ ಇಲ್ಲಿ ಗೊಂಬೆಯಾಡಿಸುವವರು ಪ್ರೇಕ್ಷಕರ ಎದುರೇ ನಿಲ್ಲುತ್ತಾರೆ. ಹಾಗಾದರೆ ನಮ್ಮ ಗಮನ ಅವರತ್ತ ಹೋಗುವುದಿಲ್ಲವೆ? ಕರವಸ್ತ್ರದ ಪ್ರಯೋಗದಲ್ಲಿ ಗಂಟನ್ನೇ ನೋಡಿ ಎಂದೆನಲ್ಲ, ಉತ್ತರ ಅಲ್ಲಿದೆ. ಆಡಿಸುವವರು ಎಲ್ಲಿ ನೋಡುತ್ತಾರೋ ನಾವೂ ಅಲ್ಲೇ ನೋಡುತ್ತೇವೆ. ಕಿರುತೆರೆಯಲ್ಲಿ ನಾವು ಕ್ಲೋಸ್‌ಅಪ್ ಹಾಕಿ ನಿಮ್ಮ ಕಣ್ಣನ್ನು ಒಂದು ಕಡೆ ಹಿಡಿದು ನಿಲ್ಲಿಸುತ್ತೇವೆ. ಅವರು ಅದೇ ಕೆಲಸವನ್ನು ಬರಿಯ ನೋಟದಿಂದ ಮಾಡುತ್ತಾರೆ.

ಸರಿ, ನುರಿತ ನಟರಿರುವಾಗ ಗೊಂಬೆಯೇ ಏಕೆ ಬೇಕು? ಇದು ನೀವು ಕೇಳಲೇಬೇಕಾದ ಪ್ರಶ್ನೆ. ಇದಕ್ಕೆ ಉತ್ತರವಾಗಿ ಅವರ 1997ರ ನಾಟಕವೊಂದನ್ನು ನೋಡೋಣ.

ವರ್ಣಭೇದ ಕೊನೆಗೊಂಡ ಮೇಲೆ ಅಲ್ಲಿ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ ಅಧ್ಯಕ್ಷತೆಯಲ್ಲಿ 'ಸತ್ಯ ಮತ್ತು ಸಾಮರಸ್ಯ ಆಯೋಗ' ರಚನೆಯಾಯಿತು. 1996ರಲ್ಲಿ ಬಹಿರಂಗ ವಿಚಾರಣೆಗಳು ಶುರುವಾದವು. ಮಗನನ್ನು ಕಳೆದುಕೊಂಡ ತಾಯಂದಿರು, ಚಿತ್ರಹಿಂಸೆ ಅನುಭವಿಸಿದವರು ಎಲ್ಲರೆದುರು ಕುಳಿತು ನಡೆದದ್ದನ್ನು ಹೇಳಿದರು. ಈ ಸಾಕ್ಷ್ಯವನ್ನು ರಂಗದ ಮೇಲೆ ತರುವುದು ಹೇಗೆ? ನಟಿಯೊಬ್ಬಳು ಆ ತಾಯಿಯಂತೆ ಅತ್ತರೆ ಆ ಕಣ್ಣೀರು ಯಾರದು? ಚಪ್ಪಾಳೆ ಯಾರಿಗೆ? ಇನ್ನೊಬ್ಬರ ದುಃಖವನ್ನು ನಮ್ಮದೆಂಬಂತೆ ತೋರಿಸುವ ಹಕ್ಕು ನಮಗಿದೆಯೆ?

'ಉಬು ಅಂಡ್ ದ ಟ್ರೂತ್ ಕಮಿಷನ್' ಎಂಬ ನಾಟಕದಲ್ಲಿ ತಂಡ ಕಂಡುಕೊಂಡ ದಾರಿ ಸರಳವಾದದ್ದು. ಜೇನ್ ಟೇಲರ್ ಬರೆದ, ಕೆಂಟ್ರಿಜ್ ನಿರ್ದೇಶಿಸಿದ ಈ ನಾಟಕದಲ್ಲಿ ಹಿಂಸೆ ಮಾಡಿದ ಉಬು ಮತ್ತು ಅವನ ಹೆಂಡತಿಯ ಪಾತ್ರಗಳನ್ನು ಮನುಷ್ಯರು ಮಾಡಿದರು. ಸಾಕ್ಷಿಗಳು ಮಾತ್ರ ಮರದ ಗೊಂಬೆಗಳು. ಅವು ಆಡಿದ ಮಾತುಗಳು ಆಯೋಗದ ಮುಂದೆ ಜನ ನಿಜವಾಗಿ ಹೇಳಿದ್ದವು. 'ನಾನೇ ಆ ತಾಯಿ' ಎಂದು ಗೊಂಬೆ ಯಾರನ್ನೂ ನಂಬಿಸಲು ಹೋಗುವುದಿಲ್ಲ. ಅದು ಮರ ಎಂಬುದು ಎಲ್ಲರಿಗೂ ಕಾಣುತ್ತಿರುತ್ತದೆ. ಅದರ ಪಕ್ಕದಲ್ಲೇ ಆಡಿಸುವವರು ಅದನ್ನೇ ನೋಡುತ್ತ, ಆಸರೆಯಾಗಿ ನಿಂತಿರುತ್ತಾರೆ. ನಿಜವಾದ ವಿಚಾರಣೆಗಳಲ್ಲಿಯೂ ಸಾಕ್ಷಿಯ ಪಕ್ಕದಲ್ಲಿ ಸಾಂತ್ವನ ಹೇಳಲು ಒಬ್ಬರು ಕುಳಿತಿರುತ್ತಿದ್ದರು. ಹೀಗೆ ಮಾತು ಸಾಕ್ಷಿಯದಾಗಿಯೇ ಉಳಿಯುತ್ತದೆ. ನಾವು ಅದನ್ನು ಕೇಳಿಸಿಕೊಳ್ಳುವವರು, ಅಷ್ಟೆ.

ಇದೇ ತಂಡ 2007ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿನ 'ವಾರ್ ಹಾರ್ಸ್' ನಾಟಕಕ್ಕಾಗಿ ನಿಜವಾದ ಕುದುರೆಗಳಷ್ಟು ದೊಡ್ಡ ಗೊಂಬೆಗಳನ್ನು ಮಾಡಿ ಲೋಕಪ್ರಸಿದ್ಧವಾಯಿತು. ಒಂದನೇ ಮಹಾಯುದ್ಧಕ್ಕೆ ಸಿಕ್ಕಿದ ಕುದುರೆಯ ಕಥೆ ಅದು. ಬೆತ್ತದ ಚೌಕಟ್ಟು, ತೆಳುವಾದ ಬಟ್ಟೆ. ತಲೆಯ ಪಕ್ಕ ಒಬ್ಬರು, ಒಡಲೊಳಗೆ ಇಬ್ಬರು. ಆ ಕುದುರೆ ಸುಮ್ಮನೆ ನಿಂತಿರುವಾಗಲೂ ಅದರ ಎದೆ ಏರಿಳಿಯುತ್ತದೆ, ಕಿವಿ ತಿರುಗುತ್ತದೆ. ಕಣ್ಣು ಮಿಟುಕದಿದ್ದರೂ ಅದಕ್ಕೆ ಭಯವಾಗಿದೆ ಎಂದು ನಮಗೆ ತಿಳಿಯುತ್ತದೆ.

ರಂಗದ ಮೇಲೆ ನಟ ಬದುಕಿಯೇ ಇರುತ್ತಾನೆ. ಸಾಯುವುದನ್ನು ಅವನು ನಟಿಸಬೇಕು. ಗೊಂಬೆಗಾದರೋ ಬದುಕುವುದೇ ಹೋರಾಟ. ಈ ತಂಡದವರು ಹೇಳುತ್ತ ಬಂದಿರುವ ಮಾತಿನ ಸಾರ ಇದು. ಉಸಿರಾಟ ಒಂದು ಕ್ಷಣ ತಪ್ಪಿದರೂ ಅದು ಮತ್ತೆ ಮರದ ತುಂಡು. ಅದು ಬದುಕಿರಬೇಕಾದರೆ ಆಡಿಸುವವರ ಶ್ರಮದಷ್ಟೇ ನೋಡುವ ನಮ್ಮ ಗಮನವೂ ಬೇಕು. ಈ ಗಮನ ಕೊಡುವುದು ಮಕ್ಕಳಾಟವಲ್ಲ.

ಆ ಕರವಸ್ತ್ರವನ್ನು ಇನ್ನೊಮ್ಮೆ ಕೈಗೆ ತೆಗೆದುಕೊಳ್ಳಿ. ಈ ಸಲ ಅದನ್ನು ಉಸಿರಾಡಿಸುತ್ತ ಇರಿ, ನಡುವೆ ಥಟ್ಟನೆ ನಿಲ್ಲಿಸಿಬಿಡಿ. ಎದುರಿಗೆ ಕುಳಿತ ನಿಮ್ಮ ಸ್ನೇಹಿತನ ಮುಖವನ್ನು ಆಗ ನೋಡಿ.